ಅದ್ದಿದ ಮೇಲೆ ಬಣ್ಣ

ಆಕೆ: ಮೇಷ್ಟ್ರೇ, ಗಲ್ಫ್‌ಗೆ ಕೆಲಸಕ್ಕೆ ಹೋಗೋ ನಮ್ಮ ನರ್ಸುಗಳಿಗೆ, ಲ್ಯಾಬ್ ಟೆಕ್ನೀಷಿಯನ್‌ಗಳಿಗೆ ಅಂತ ಒಂದು ಅರಬ್ಬಿ–ಕನ್ನಡ ಪದಪಟ್ಟಿ ಮಾಡ್ತಾ ಇದ್ದೀನಿ. ಸ-ಬ-ಘ ಅನ್ನೋ ಧಾತುವಿಗೆ ಬಂದು ಕೆಲಸ ನಿಂತುಬಿಟ್ಟಿದೆ. ಒಂದು ಕಡೆ ‘ಕಲೆ ಮಾಡು’ ಅಂತಿದೆ, ಒಂದು ಕಡೆ ‘ಬಣ್ಣ ಹಾಕು’ ಅಂತಿದೆ. ಅದರ ಕೆಳಗೆ ಊಟಕ್ಕೆ ಸಂಬಂಧಪಟ್ಟದ್ದೇನೋ ಇದೆ, ಅದರ ಕೆಳಗೆ ದೀಕ್ಷಾಸ್ನಾನ. ಒಂದೇ ಧಾತು ಇಷ್ಟೊಂದು ದಿಕ್ಕಿಗೆ ಹೋಗುತ್ತಾ? ಯಾವುದನ್ನ ಮೊದಲು ಬರೀಲಿ?

ಮೇಷ್ಟ್ರು: ಮೊದಲು ಆ ‘ಕಲೆ ಮಾಡು’ ಹೊಡೆದುಹಾಕಮ್ಮ. ಕಲೆಗೆ, ಕೊಳೆಗೆ ಅರಬ್ಬಿಯಲ್ಲಿ ಬೇರೆ ಧಾತುಗಳೇ ಇವೆ. ಬಟ್ಟೆಗೆ ಮೆತ್ತಿಕೊಂಡ ಕೆಸರು, ಕೈಗೆ ಮೆತ್ತಿದ ರಕ್ತ ಲ-ತ-ಖ. ಮೈಲಿಗೆ, ನಡತೆಗೆ ಹತ್ತಿದ ಕೊಳೆ ದ-ನ-ಸ. ಗಾಳಿ ಕೆಟ್ಟಿದೆ, ನೀರು ಕೆಟ್ಟಿದೆ ಅಂತ ಪತ್ರಿಕೆಯವರು ಬರೆಯೋವಾಗ ‘ತಲವ್ವುಥ್’ ಅಂತಾರೆ, ಅದು ಲ-ವ-ಥ. ವಂಶಕ್ಕೆ ಬಂದ ಕಳಂಕ ‘ವಸ್ಮಾ’. ಅಲ್ಲಲ್ಲಿ ಬಿದ್ದ ಮಚ್ಚೆಯಂಥ ಕಲೆ ‘ಬುಕ್‌ಆ’. ಈ ‘ಬುಕ್‌ಆ’ಗೆ ನೆಲದ ತುಂಡು ಅನ್ನೋ ಅರ್ಥವೂ ಇದೆ. ಲೆಬನಾನಿನ ಬೆಕಾ ಕಣಿವೆಯ ಹೆಸರು ಇದರದೇ ಬಹುವಚನ. ಇಷ್ಟೆಲ್ಲ ಇರೋವಾಗ ಸ-ಬ-ಘ ಯಾಕೆ ಕಲೆಯ ಭಾರ ಹೊರಬೇಕು?

ಆಕೆ: ಆದರೆ ನಾವು ಲ್ಯಾಬ್‌ನಲ್ಲಿ ಸ್ಲೈಡ್‌ಗೆ ಸ್ಟೇನ್ ಹಾಕ್ತೀವಲ್ಲ, ಅದನ್ನ ಕುವೈತ್‌ನಲ್ಲಿ ಜೊತೆಗಿದ್ದ ಸಿರಿಯಾದ ಹುಡುಗಿ ‘ಸಿಬ್ಘಾ’ ಅಂತಲೇ ಕರೀತಿದ್ಲು. ಸ್ಟೇನ್ ಅಂದ್ರೆ ಕಲೆ ತಾನೆ?

ಮೇಷ್ಟ್ರು: ಗೊಂದಲ ಹುಟ್ಟಿದ್ದೇ ಅಲ್ಲಿ. ಇಂಗ್ಲಿಷಿನ ‘ಸ್ಟೇನ್’ ಶರ್ಟಿನ ಮೇಲಿನ ಕಾಫಿ ಕಲೆಗೂ ಆಗುತ್ತೆ, ಸ್ಲೈಡಿಗೆ ಬೇಕು ಅಂತಲೇ ಹಾಕೋ ಬಣ್ಣಕ್ಕೂ ಆಗುತ್ತೆ. ನಿನ್ನ ಪಟ್ಟಿ ಇಂಗ್ಲಿಷ್ ಅರ್ಥದ ಮೇಲೆ ಬೆಳೆದಿದೆ. ಅರಬ್ಬಿ ಇವೆರಡನ್ನೂ ಬೇರೆ ಇಟ್ಟಿದೆ. ಆ ಸಿರಿಯಾದ ಹುಡುಗಿ ಸ್ಮಿಯರ್‌ಗೆ ಏನಂತಿದ್ಲು?

ಆಕೆ: ‘ಲತಾಖಾ’.

ಮೇಷ್ಟ್ರು: ನೋಡು, ಉತ್ತರ ನಿನ್ನ ಬಾಯಲ್ಲೇ ಇತ್ತು. ಲ-ತ-ಖ, ಮೆತ್ತೋದು, ಸವರೋದು. ಡಮಾಸ್ಕಸ್‌ನಲ್ಲಿ ವೈದ್ಯಶಾಸ್ತ್ರವನ್ನ 1919ರಿಂದಲೂ ಅರಬ್ಬಿಯಲ್ಲೇ ಕಲಿಸ್ತಾರೆ. ಗಲ್ಫ್‌ನವರು ಇಂಗ್ಲಿಷಲ್ಲಿ ಓದ್ತಾರೆ, ಹಾಗಾಗಿ ಅಲ್ಲಿನ ಲ್ಯಾಬ್‌ನಲ್ಲಿ ಈ ಮಾತು ಕೇಳಿಸೋದು ಕಮ್ಮಿ. ಸಿರಿಯಾದವಳಾದ್ದರಿಂದ ಅವಳ ಬಾಯಲ್ಲಿ ಬಂತು. ಈಗ ನಿನ್ನ ಕೆಲಸ ಹೇಗೆ ಮಾಡ್ತೀಯ ಅಂತ ಒಂದೊಂದೇ ಹಂತ ಹೇಳು. ಧಾತುವಿನ ಅರ್ಥ ನಿಘಂಟಿಗಿಂತ ಕೈಕೆಲಸದಲ್ಲಿ ಬೇಗ ಸಿಗುತ್ತೆ.

ಆಕೆ: ಗ್ರಾಂ ಸ್ಟೇನ್ ತಗೊಳ್ಳಿ. 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಪ್ರಕಟಿಸಿದ ವಿಧಾನ. ಲೂಪ್‌ನಲ್ಲಿ ಒಂದಿಷ್ಟು ಸ್ಯಾಂಪಲ್ ತೆಗೆದು ಸ್ಲೈಡ್ ಮೇಲೆ ತೆಳ್ಳಗೆ ಸವರ್ತೀವಿ, ಅದೇ ಸ್ಮಿಯರ್. ಗಾಳಿಗೆ ಒಣಗಿಸಿ, ಬರ್ನರ್ ಉರಿಯ ಮೇಲೆ ಎರಡು ಮೂರು ಸಲ ಆಡಿಸಿದರೆ ಗಾಜಿಗೆ ಅಂಟಿಕೊಳ್ಳುತ್ತೆ. ಅದರ ಮೇಲೆ ಕ್ರಿಸ್ಟಲ್ ವಯಲೆಟ್ ಹೊಯ್ದು ಒಂದು ನಿಮಿಷ ಬಿಡ್ತೀವಿ. ನೀರಲ್ಲಿ ತೊಳೆದು ಅಯೋಡಿನ್ ಹಾಕ್ತೀವಿ, ಅದು ಬಣ್ಣವನ್ನ ಕಚ್ಚಿಸುತ್ತೆ. ಆಮೇಲೆ ಆಲ್ಕೋಹಾಲ್, ಕೆಲವೇ ಸೆಕೆಂಡು. ಇಲ್ಲೇ ಇರೋದು ಕೈಚಳಕ. ಜಾಸ್ತಿ ಬಿಟ್ಟರೆ ಎಲ್ಲಾ ಬಣ್ಣವೂ ಹೋಗುತ್ತೆ, ಕಮ್ಮಿಯಾದರೆ ಹೋಗಬೇಕಾದ್ದೂ ಉಳಿಯುತ್ತೆ. ಕೊನೆಗೆ ಸಫ್ರನಿನ್. ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ನೇರಳೆ ಉಳಿಸಿಕೊಂಡವು ಗ್ರಾಂ ಪಾಸಿಟಿವ್, ಅದನ್ನ ಬಿಟ್ಟುಕೊಟ್ಟು ಗುಲಾಬಿಯಾದವು ಗ್ರಾಂ ನೆಗೆಟಿವ್.

ಮೇಷ್ಟ್ರು: ಕೆಲವು ಉಳಿಸಿಕೊಳ್ಳೋದು, ಕೆಲವು ಬಿಟ್ಟುಕೊಡೋದು ಯಾಕೆ?

ಆಕೆ: ಗೋಡೆಯ ವ್ಯತ್ಯಾಸ. ಪಾಸಿಟಿವ್‌ಗಳಿಗೆ ಜೀವಕೋಶದ ಗೋಡೆ ದಪ್ಪ. ಬಣ್ಣ ಒಳಗೆ ಹೋಗಿ ಅಯೋಡಿನ್ ಜೊತೆ ಸೇರಿಕೊಂಡ ಮೇಲೆ ಹೊರಗೆ ಬರೋದಿಲ್ಲ. ನೆಗೆಟಿವ್‌ಗಳದ್ದು ತೆಳು ಗೋಡೆ, ಆಲ್ಕೋಹಾಲ್‌ನಲ್ಲಿ ಬಣ್ಣ ಕೊಚ್ಚಿಹೋಗುತ್ತೆ.

ಮೇಷ್ಟ್ರು: ಹಾಗಾದರೆ ಮೇಲೆ ಮೆತ್ತಿದ್ದು ಲತಾಖಾ, ಒಳಗೆ ಇಳಿದು ನಿಂತದ್ದು ಸಿಬ್ಘಾ. ಎರಡು ಧಾತುಗಳ ವ್ಯತ್ಯಾಸವನ್ನ ಇದಕ್ಕಿಂತ ಚೆನ್ನಾಗಿ ಯಾವ ಕೋಶಕಾರನೂ ತೋರಿಸಲಾರ. ಸ-ಬ-ಘದಲ್ಲಿ ಮುಖ್ಯ ಅಂತ ನಾನು ಹೇಳೋದು ಅದ್ದೋದು, ನೆನೆಸೋದು. ಬಣ್ಣ ಅದರಿಂದ ಬರೋ ಫಲ.

ಆಕೆ: ಇದು ನಿಮ್ಮ ಊಹೆಯೋ, ಹಳಬರ ಮಾತೋ?

ಮೇಷ್ಟ್ರು: ಹಳಬರಲ್ಲಿ ಎಲ್ಲರೂ ನನ್ನ ಕಡೆ ಇಲ್ಲ. 1004ರಲ್ಲಿ ತೀರಿಕೊಂಡ ಇಬ್ನ್ ಫಾರಿಸ್ ಒಂದು ವಿಚಿತ್ರ ನಿಘಂಟು ಮಾಡಿದ, ‘ಮಕಾಯೀಸ್ ಅಲ್-ಲುಘಾ’ ಅಂತ. ಪ್ರತಿಯೊಂದು ಧಾತುವಿಗೂ ಅದರ ಎಲ್ಲಾ ಪದಗಳನ್ನ ಹಿಡಿದಿಡೋ ಮೂಲಾರ್ಥ ಒಂದೋ ಎರಡೋ ಇರುತ್ತೆ ಅಂತ ಅವನ ಹಟ. ಸ-ಬ-ಘಕ್ಕೆ ಒಂದೇ ಮೂಲ, ವಸ್ತುವಿಗೆ ಬಣ್ಣ ಕೊಡೋದು ಅಂತ ತೀರ್ಮಾನ ಕೊಟ್ಟ. ಆದರೆ ಪದಗಳನ್ನ ಒಂದೊಂದಾಗಿ ಎತ್ತಿ ನೋಡಿದರೆ ಬಣ್ಣವೇ ಇಲ್ಲದ ಸಬ್ಘ್ ಬೇಕಾದಷ್ಟು ಸಿಗುತ್ತೆ. ಕೈಯನ್ನ ನೀರಲ್ಲಿ ಅದ್ದಿದ ಅನ್ನೋದಕ್ಕೆ ‘ಸಬಘ’ ಅನ್ನಬಹುದು. ಪ್ರವಾದಿಯ ಮಾತುಗಳ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನ ಒಂದು ಹದೀಸಿನಲ್ಲಿ ಲೋಕದಲ್ಲಿ ಅತಿ ಸುಖವಾಗಿ ಬದುಕಿದ ಮನುಷ್ಯನನ್ನ ನರಕದಲ್ಲಿ ಒಮ್ಮೆ ಅದ್ದಿ ತೆಗೆಯೋ ಪ್ರಸಂಗ ಬರುತ್ತೆ. ಅಲ್ಲಿರೋ ಕ್ರಿಯಾಪದ ಇದೇ. ಅಲ್ಲಿ ಯಾರೂ ಅವನಿಗೆ ಬಣ್ಣ ಹಾಕ್ತಾ ಇಲ್ಲ.

ಆಕೆ: ಮತ್ತೆ ಊಟದ ಅರ್ಥ?

ಮೇಷ್ಟ್ರು: ಅದೂ ಅದ್ದೋದೇ. ರೊಟ್ಟಿ ಮುರಿದು ಎಣ್ಣೆಯಲ್ಲೋ ಹುಳಿಯಾದ ವಿನಿಗರ್‌ನಲ್ಲೋ ಅದ್ದಿ ತಿಂತಾರಲ್ಲ, ಆ ಎಣ್ಣೆ, ಆ ವಿನಿಗರ್ ‘ಸಿಬ್ಘ್’. ಕುರ್‌ಆನಿನ 23ನೇ ಅಧ್ಯಾಯದ 20ನೇ ವಚನದಲ್ಲಿ ಸೀನಾಯ್ ಬೆಟ್ಟದ ಮರದ ಪ್ರಸ್ತಾಪ ಬರುತ್ತೆ. ಆಲಿವ್ ಅಂತ ವ್ಯಾಖ್ಯಾನಕಾರರು ಹೇಳ್ತಾರೆ. ಅದು ಎಣ್ಣೆಯನ್ನೂ ಉಣ್ಣುವವರಿಗೆ ಸಿಬ್ಘನ್ನೂ ಕೊಡೋ ಮರ. ನಿನ್ನ ಪಟ್ಟಿಯಲ್ಲಿ ಇದಕ್ಕೆ ಏನು ಬರೆದಿದ್ದೀಯ?

ಆಕೆ: ‘ಗೊಜ್ಜು’ ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿದ್ದೀನಿ.

ಮೇಷ್ಟ್ರು: ಗೊಜ್ಜು ಒಂದು ಅಡುಗೆ. ಸಿಬ್ಘ್ ಅನ್ನೋದು ಅಡುಗೆಯ ಹೆಸರಲ್ಲ, ಊಟದಲ್ಲಿ ಅದರ ಪಾತ್ರದ ಹೆಸರು. ನಮ್ಮಲ್ಲಿ ‘ನಂಜಿಕೊಳ್ಳೋದು’ ಅಂತೀವಿ. ದೋಸೆಗೆ ಚಟ್ನಿಯಾದರೂ ಆಗಬಹುದು, ಬೆಣ್ಣೆಯಾದರೂ ಆಗಬಹುದು, ನಂಜಿಕೊಂಡರೆ ಅದು ನಂಜಿಕೊಳ್ಳೋ ಪದಾರ್ಥ. ‘ನಂಜಿಕೊಳ್ಳುವ ಎಣ್ಣೆ, ವಿನಿಗರ್ ಇತ್ಯಾದಿ’ ಅಂತ ಬರಿ, ಪ್ರಶ್ನೆ ಗುರುತು ತೆಗಿ. ಹಾಗೆ ನಂಜಿಕೊಂಡು ತಿನ್ನೋ ಕ್ರಿಯೆಗೆ ‘ಇಸ್ತಬಘ’ ಅಂತಾರೆ.

ಆಕೆ: ಆ ‘ತ’ ಎಲ್ಲಿಂದ ಬಂತು? ಧಾತುವಿನಲ್ಲಿ ಇಲ್ಲವಲ್ಲ.

ಮೇಷ್ಟ್ರು: ಅರಬ್ಬಿಯಲ್ಲಿ ಧಾತು ಮೂರು ವ್ಯಂಜನದ ಎಲುಬು. ಅದನ್ನ ಬೇರೆ ಬೇರೆ ಅಚ್ಚುಗಳಿಗೆ ಹಾಕಿ ಪದ ತೆಗೀತಾರೆ. ಎಂಟನೆಯ ಅಚ್ಚಿನಲ್ಲಿ ಮೊದಲ ವ್ಯಂಜನದ ಮುಂದೆ ಒಂದು ‘ತ’ ಕೂರುತ್ತೆ. ನಮ್ಮ ಧಾತುವಿನ ಮೊದಲ ಅಕ್ಷರ ಸಾಮಾನ್ಯ ‘ಸ’ ಅಲ್ಲ, ಗಂಟಲನ್ನ ಬಿಗಿಹಿಡಿದು ಹೇಳೋ ‘ಸಾದ್’. ಅದರ ಪಕ್ಕದಲ್ಲಿ ಕೂತ ಮೆದು ‘ತ’ ಕೂಡ ಬಿಗಿಯಾಗಿ ‘ತಾ’ ಅನ್ನೋ ಬೇರೆ ಅಕ್ಷರವೇ ಆಗಿಬಿಡುತ್ತೆ. ಮಳೆ ಮತ್ತು ಕಾಲ ಸೇರಿದಾಗ ‘ಮಳೆಗಾಲ’ ಆಗಲ್ವೇ, ‘ಕ’ ಹೋಗಿ ‘ಗ’ ಬರಲ್ವೇ? ಅಂಥದೇ ಒಂದು ಆದೇಶ ಅಂದುಕೋ. ಈ ಅಚ್ಚುಗಳು ನಿನಗೆ ಹೊಸದೇನಲ್ಲ. ‘ದಲ್ಲಾಳಿ’ ಗೊತ್ತು, ‘ಸರಾಫ’ ಗೊತ್ತು. ಅರಬ್ಬಿಯ ದಲ್ಲಾಲ್, ಸರ್‍ರಾಫ್. ನಡುವಿನ ವ್ಯಂಜನ ಒತ್ತಾಗಿ, ಮುಂದೆ ದೀರ್ಘ ‘ಆ’ ಬಂದರೆ ಅದು ಕಸುಬಿನವನ ಹೆಸರು. ಅದೇ ಅಚ್ಚಿಗೆ ಸ-ಬ-ಘ ಹಾಕು.

ಆಕೆ: ಸಬ್ಬಾಘ್! ಬಣ್ಣಗಾರ. ಲೆಬನಾನ್, ಸಿರಿಯಾದವರಲ್ಲಿ ಇದು ಮನೆತನದ ಹೆಸರು ಕೂಡ, ಎಷ್ಟೋ ಸಲ ರಿಪೋರ್ಟ್ ಮೇಲೆ ಬರೆದಿದ್ದೀನಿ.

ಮೇಷ್ಟ್ರು: ನಮ್ಮ ಉತ್ತರ ಕರ್ನಾಟಕದ ನೀಲಗಾರ, ಬಣ್ಣಗಾರ ಮನೆತನಗಳ ಹಾಗೆ. ಮರಾಕೆಶ್‌ನಲ್ಲಿ ಬಣ್ಣಗಾರರ ಪೇಟೆಯ ಹೆಸರೇ ಸೂಕ್ ಸಬ್ಬಾಘೀನ್, ಬೀದಿಯ ಮೇಲೆ ಬಣ್ಣ ಹಾಕಿದ ಉಣ್ಣೆಯ ಲಡಿಗಳನ್ನ ತೂಗುಹಾಕಿರ್ತಾರೆ. ಆದರೆ ನಿಘಂಟುಗಳಲ್ಲಿ ಸಬ್ಬಾಘ್‌ಗೆ ಇನ್ನೊಂದು ಅರ್ಥವೂ ಇದೆ, ಸುಳ್ಳುಗಾರ ಅಂತ. ಕೇಳಿದ ಸುದ್ದಿಗೆ ತನ್ನದೊಂದಿಷ್ಟು ಸೇರಿಸಿ ಹೇಳುವವನು.

ಆಕೆ: ಬಣ್ಣ ಕಟ್ಟಿ ಹೇಳೋದು!

ಮೇಷ್ಟ್ರು: ಅದೇ. ಇಲ್ಲಿ ಅರಬ್ಬಿಗೂ ಕನ್ನಡಕ್ಕೂ ಲೆಕ್ಕ ಸರಿಹೋಯಿತು. ಈಗ ಇನ್ನೊಂದು ಅಚ್ಚು. ಮದರಸಾ, ಮಕ್ಬರಾ, ಮಹಕಮಾ. ಓದೋ ಜಾಗ, ಗೋರಿಯ ಜಾಗ, ನ್ಯಾಯ ಹೇಳೋ ಜಾಗ.

ಆಕೆ: ಹಾಗಿದ್ರೆ ‘ಮಸ್ಬಘಾ’ ಬಣ್ಣ ಹಾಕೋ ಜಾಗ ಆಗಬೇಕು. ಆದರೆ ಕುವೈತ್‌ನಲ್ಲಿ ಬೀದಿಗೊಂದು ಮಸ್ಬಘಾ ಇದೆ, ಅದು ಲಾಂಡ್ರಿ. ನಮ್ಮ ಬಿಳೀ ಕೋಟುಗಳನ್ನೆಲ್ಲ ಅಲ್ಲೇ ಕೊಡ್ತಿದ್ದದ್ದು. ಕಲೆ ತೆಗೆಯೋ ಅಂಗಡಿಗೆ ಬಣ್ಣ ಹಾಕೋ ಅಂಗಡಿಯ ಹೆಸರು ಯಾಕಿಟ್ಟರು?

ಮೇಷ್ಟ್ರು: ಬೈರೂತ್‌ನಲ್ಲೂ ಡ್ರೈಕ್ಲೀನಿಂಗ್ ಅಂಗಡಿಗೆ ಇದೇ ಹೆಸರು. ಫ್ರೆಂಚರ ‘ತಾಂತ್ಯೂರರಿ’ ಕೂಡ ಹಾಗೇ, ಮೂಲದಲ್ಲಿ ಬಣ್ಣದ ಮನೆ, ಈಗ ಡ್ರೈಕ್ಲೀನರ್. ಬಣ್ಣಗಾರನ ಹತ್ತಿರ ಏನೇನಿರುತ್ತೆ ನೋಡು. ದೊಡ್ಡ ಹಂಡೆ, ಸದಾ ಕಾಯೋ ನೀರು, ಬಟ್ಟೆ ಅದ್ದಿ ಎತ್ತಿ ಹಿಂಡಿ ಒಣಗಿಸೋ ಅಭ್ಯಾಸ. ಬಣ್ಣ ಹಿಡಿಯಬೇಕಾದರೆ ಬಟ್ಟೆಯ ಜಿಡ್ಡು, ಗಂಜಿ ಮೊದಲು ಹೋಗಬೇಕು, ಆದ್ದರಿಂದ ಒಗೆಯೋದೂ ಅವನ ಕಸುಬಿನ ಭಾಗವೇ. ಮಾಸಿದ ಅಂಗಿಯನ್ನ ಜನ ಅವನ ಹತ್ತಿರವೇ ತಂದರು. ಗಿರಣಿಯ ಬಟ್ಟೆಗೆ ಗಿರಣಿಯಲ್ಲೇ ಬಣ್ಣ ಬರೋ ಕಾಲ ಬಂದಾಗ ಬಣ್ಣದ ಕೆಲಸ ಹೋಯಿತು, ಒಗೆಯೋದು ಉಳಿಯಿತು, ಬೋರ್ಡು ಬದಲಾಗಲಿಲ್ಲ. ನಿನ್ನ ಪಟ್ಟಿಯಲ್ಲಿ ‘ಲಾಂಡ್ರಿ (ಕುವೈತ್, ಲೆಬನಾನ್)’ ಅಂತ ಊರಿನ ಹೆಸರು ಹಾಕೇ ಬರಿ. ಧಾತು ನಂಬಿಕೊಂಡು ಸೀರೆಗೆ ಬಣ್ಣ ಹಾಕಿಸೋಕೆ ಹೋದವರು ಇಸ್ತ್ರಿ ಮಾಡಿಸಿಕೊಂಡು ಬರಬೇಕಾಗುತ್ತೆ.

ಆಕೆ: ಸರಿ. ಈಗ ದೀಕ್ಷಾಸ್ನಾನ.

ಮೇಷ್ಟ್ರು: ಇದಕ್ಕೆ ಅರಬ್ಬಿಯ ನೆಂಟರ ಮನೆಗೆ ಹೋಗಬೇಕು. ಅರಾಮಿಕ್‌ನಲ್ಲಿ, ಅದರ ಒಂದು ರೂಪವಾದ ಸಿರಿಯಾಕ್‌ನಲ್ಲಿ, ಹೀಬ್ರೂವಿನಲ್ಲಿ ಅರಬ್ಬಿಯ ‘ಘೈನ್’ ಉಳಿಯಲಿಲ್ಲ, ಗಂಟಲಾಳದ ‘ಐನ್’ ಜೊತೆ ಬೆರೆತುಹೋಯಿತು. ಹಾಗಾಗಿ ನಮ್ಮ ಸ-ಬ-ಘ ಅಲ್ಲಿ ಸ-ಬ-ಅ. ಹೀಬ್ರೂವಿನಲ್ಲಿ ಬಣ್ಣಕ್ಕೆ ‘ತ್ಸೆವ’ ಅಂತಾರೆ, ಅದು ಇದೇ. ಅರಾಮಿಕ್ ಕಡೆ ಅದ್ದೋದು, ಬಣ್ಣ ಹಾಕೋದು, ದೀಕ್ಷಾಸ್ನಾನ ಮಾಡಿಸೋದು ಮೂರೂ ಒಂದೇ ಧಾತುವಿನಲ್ಲಿ ಬರುತ್ತೆ. ಇರಾಕಿನ ದಕ್ಷಿಣದಲ್ಲಿ, ಇರಾನಿನ ಖೂಜಿಸ್ತಾನದಲ್ಲಿ ಮಂದಾಯಿಯನ್ನರು ಅಂತ ಒಂದು ಪುರಾತನ ಸಮುದಾಯ ಇದೆ. ಹರಿಯೋ ನೀರಿನಲ್ಲಿ ಮುಳುಗೋದು ಅವರ ಧರ್ಮದ ಜೀವಾಳ. ಕ್ರೈಸ್ತರ ಹಾಗೆ ಜೀವನಕ್ಕೆ ಒಂದೇ ಸಲ ಅಲ್ಲ, ಮತ್ತೆ ಮತ್ತೆ ಮಾಡ್ತಾರೆ. ಅದಕ್ಕೆ ಅವರ ಭಾಷೆಯಲ್ಲಿ ‘ಮಸ್ಬುತಾ’. ಇರಾಕಿನ ಜನ ಅವರನ್ನ ‘ಸುಬ್ಬಾ’ ಅಂತ ಕರೀತಾರೆ. 2003ರ ಯುದ್ಧದ ನಂತರ ಬಹಳಷ್ಟು ಜನ ಊರು ಬಿಟ್ಟು ಸ್ವೀಡನ್, ಆಸ್ಟ್ರೇಲಿಯಾ ಅಂತ ಚದುರಿಹೋದರು. ನದಿಗೆ ಇಳಿಯೋವಾಗ ಅವರು ಉಡೋದು ಬಿಳಿ ಬಟ್ಟೆ, ನೀರಲ್ಲಿ ಬಣ್ಣ ಏನೂ ಇರಲ್ಲ. ಇಲ್ಲಿ ಧಾತು ಅದ್ದೋ ಅರ್ಥದಲ್ಲೇ ನಿಂತಿದೆ.

ಆಕೆ: ಹಾಗಾದರೆ ಸಿಬ್ಘತುಲ್ಲಾ ಅನ್ನೋ ಹೆಸರು? ಅದನ್ನ ‘ಅಲ್ಲಾಹನ ಬಣ್ಣ’ ಅಂತಲೇ ಅರ್ಥ ಹೇಳೋದು ಕೇಳಿದ್ದೀನಿ.

ಮೇಷ್ಟ್ರು: ಆ ಹೆಸರು ಬಂದದ್ದು ಕುರ್‌ಆನಿನ ಎರಡನೇ ಅಧ್ಯಾಯದ 138ನೇ ವಚನದಿಂದ. ಹಿಂದೆ ಮುಂದೆ ಯಹೂದಿ, ಕ್ರೈಸ್ತರ ಜೊತೆಗಿನ ವಾದ ನಡೀತಾ ಇರುತ್ತೆ. 1144ರಲ್ಲಿ ತೀರಿಕೊಂಡ ವ್ಯಾಖ್ಯಾನಕಾರ ಜಮಖ್ಶರಿ ಏನು ಹೇಳ್ತಾನೆ ಅಂದರೆ, ಕ್ರೈಸ್ತರು ತಮ್ಮ ಮಕ್ಕಳನ್ನ ಹಳದಿ ನೀರಲ್ಲಿ ಅದ್ದಿ ಇವನು ಈಗ ಕ್ರೈಸ್ತನಾದ ಅಂತಿದ್ದರು, ಅದಕ್ಕೆ ಎದುರಾಗಿ ಈ ಮಾತು ಬಂತು, ವಿಶ್ವಾಸವೇ ದೇವರು ಕೊಡೋ ಸಿಬ್ಘಾ ಅಂತ. ಅಂದರೆ ಅದ್ದೋದೂ ಬಣ್ಣವೂ ಒಂದೇ ಮಾತಿನಲ್ಲಿ ಕೂತಿವೆ. ಎದುರಾಳಿಯ ಪದವನ್ನೇ ಎತ್ತಿಕೊಂಡು ಬೇರೆ ಅರ್ಥಕ್ಕೆ ಹಚ್ಚೋದಕ್ಕೆ ಅರಬ್ಬಿ ಅಲಂಕಾರ ಶಾಸ್ತ್ರದಲ್ಲಿ ‘ಮುಶಾಕಲಾ’ ಅಂತ ಹೆಸರಿದೆ. ಅದಕ್ಕೆ ಈ ವಚನವನ್ನೇ ಉದಾಹರಣೆ ಕೊಡ್ತಾರೆ. ಕೇವಲ ‘ಬಣ್ಣ’ ಅಂದುಬಿಟ್ಟರೆ ಆ ನೀರು ಕಾಣಿಸೋದೇ ಇಲ್ಲ.

ಆಕೆ: ಈ ಹೆಸರು ನಮ್ಮ ಕಡೆಗೂ ಬಂದಿದೆ ಅಲ್ವಾ?

ಮೇಷ್ಟ್ರು: ಬಹಳ ಹಿಂದೆಯೇ. ಗುಜರಾತಿನ ಭರೂಚ್‌ನ ಶತ್ತಾರಿ ಪಂಥದ ಸೂಫಿ ಶಾಹ್ ಸಿಬ್ಘತುಲ್ಲಾ ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಬಿಜಾಪುರದಲ್ಲಿದ್ದರು. ಅಲ್ಲಿಂದ ಹೋಗಿ ಮದೀನಾದಲ್ಲಿ ನೆಲೆಸಿ 1606ರಲ್ಲಿ ತೀರಿಕೊಂಡರು. ಈಚಿನ ಕಾಲದಲ್ಲಿ ಅಂದರೆ 1992ರಲ್ಲಿ ಅಫ್ಘಾನಿಸ್ತಾನದ ಮಧ್ಯಂತರ ಅಧ್ಯಕ್ಷರಾಗಿದ್ದ ಸಿಬ್ಘತುಲ್ಲಾ ಮುಜದ್ದಿದಿ.

ಆಕೆ: ಮತ್ತೆ ಲ್ಯಾಬ್‌ಗೆ ಬರ್ತೀನಿ. ಆ ಹುಡುಗಿ ಹಿಮೋಗ್ಲೋಬಿನ್‌ಗೆ ‘ಖಿದಾಬ್’ ಅಂತಿದ್ಲು. ಅದೂ ಬಣ್ಣವೇ ಅಂತ ಆಮೇಲೆ ಗೊತ್ತಾಯಿತು. ಹಾಗಾದರೆ ಸಿಬ್ಘಾ ಯಾಕಲ್ಲ?

ಮೇಷ್ಟ್ರು: ಖಿದಾಬ್ ನಿನಗೆ ಬೇರೆ ವೇಷದಲ್ಲಿ ಪರಿಚಯ ಇದೆ. ಉರ್ದುವಿನವರು ಕೂದಲಿಗೆ ಹಚ್ಚೋದನ್ನ ‘ಖಿಜಾಬ್’ ಅಂತಾರಲ್ಲ, ಅದೇ. ಖ-ದ-ಬ ಮೈಗೆ ಹಚ್ಚೋ ಬಣ್ಣದ ಧಾತು. ಮದರಂಗಿ ಹಚ್ಚಿದ ಕೈ, ಗಡ್ಡ, ಉಗುರು. ಸ-ಬ-ಘ ಹೆಚ್ಚಾಗಿ ಬಟ್ಟೆ, ನೂಲಿನ ಕಡೆಯದು. ರಕ್ತವನ್ನ ಒಳಗಿಂದ ಕೆಂಪಾಗಿಸೋದು ಅಂತ ಹಿಮೋಗ್ಲೋಬಿನ್‌ಗೆ ‘ಖಿದಾಬ್ ಅದ್-ದಮ್’ ಅಂತ ಹೆಸರಿಟ್ಟರು. ಹಳೆಯ ಅರಬರು ಆಕಾಶದಲ್ಲೂ ಈ ಪದ ಬರೆದಿದ್ದಾರೆ. ನಮ್ಮ ಕೃತ್ತಿಕೆ ಅವರಿಗೆ ಎರಡೂ ಕೈ ಚಾಚಿದ ‘ಥುರಯ್ಯಾ’. ಅವಳ ಒಂದು ಕೈ ಕ್ಯಾಸಿಯೋಪಿಯದವರೆಗೆ ಹೋಗುತ್ತೆ, ಅದು ‘ಅಲ್-ಕಫ್ ಅಲ್-ಖದೀಬ್’, ಮದರಂಗಿಯ ಅಂಗೈ. ಅಲ್ಲಿನ ಒಂದು ನಕ್ಷತ್ರವನ್ನ ಖಗೋಳದವರು ಇವತ್ತಿಗೂ ‘ಕಾಫ್’ ಅಂತಲೇ ಕರೀತಾರೆ.

ಆಕೆ: ಅಂದರೆ ನಾನು ಒಂದು ಹನಿ ರಕ್ತ ತಗೊಂಡು ಸ್ಲೈಡ್ ಮೇಲೆ ಎಳೆದು ಲೀಶ್ಮನ್ ಸ್ಟೇನ್ ಹಾಕಿದರೆ, ಎಳೆದದ್ದು ಲತಾಖಾ, ಹಾಕಿದ್ದು ಸಿಬ್ಘಾ, ಕೆಂಪು ಕಣದೊಳಗಿರೋದು ಖಿದಾಬ್. ಒಂದೇ ಗಾಜಿನ ಮೇಲೆ ಮೂರು ಧಾತು!

ಮೇಷ್ಟ್ರು: ಮೂರಕ್ಕೂ ಒಂದೇ ‘ಕಲೆ’ ಬರೆಯೋಕೆ ಹೊರಟಿದ್ದೆಯಲ್ಲ ನೀನು. ಅದೇ ಗಾಜಿನ ಮೇಲೆ ಇನ್ನೂ ಒಂದಿದೆ. ಬಿಳಿ ಕಣದ ನ್ಯೂಕ್ಲಿಯಸ್‌ನಲ್ಲಿರೋ ಕ್ರೋಮೋಸೋಮ್‌ಗೆ ಏನಂತಾರೆ?

ಆಕೆ: ‘ಸಿಬ್ಘಿಯ್ಯಾತ್’. ಇದು ಮಾತ್ರ ನನಗೆ ಮೊದಲ ಸಲಕ್ಕೇ ಅರ್ಥ ಆಯಿತು. ಕ್ರೋಮಾ ಅಂದರೆ ಗ್ರೀಕಿನಲ್ಲಿ ಬಣ್ಣ, ಸೋಮಾ ಅಂದರೆ ದೇಹ. ವಾಲ್ಡೆಯರ್ ಅನ್ನೋ ವಿಜ್ಞಾನಿ 1888ರಲ್ಲಿ ಆ ಹೆಸರು ಕೊಟ್ಟದ್ದೇ ಅವು ಬಣ್ಣ ಚೆನ್ನಾಗಿ ಹೀರಿಕೊಳ್ತವೆ ಅಂತ. ಅವಕ್ಕೆ ಸ್ವಂತ ಬಣ್ಣ ಇಲ್ಲ. ನಾವು ಹಾಕಿದ್ದನ್ನ ಹಿಡಿದುಕೊಂಡಾಗ ಕಾಣಿಸ್ತವೆ, ಅಷ್ಟೇ.

ಮೇಷ್ಟ್ರು: ಬಣ್ಣ ಹೀರಿಕೊಳ್ಳೋದು ಅನ್ನೋ ಮಾತೇ ಸಬ್ಘ್‌ನ ಸಾರ. ಗ್ರೀಕಿನಲ್ಲೂ ‘ಬಾಪ್ತೋ’ ಅಂದರೆ ಅದ್ದು, ಬಣ್ಣದಲ್ಲಿ ಅದ್ದು ಅಂತ. ಬ್ಯಾಪ್ಟಿಸಂ ಅದರ ಬಳಗದ್ದೇ. ಲ್ಯಾಟಿನ್‌ನಲ್ಲಿ ನೆನೆಸೋದಕ್ಕೂ ಬಣ್ಣ ಹಾಕೋದಕ್ಕೂ ಒಂದೇ ಕ್ರಿಯಾಪದ, ಅದರಿಂದ ನಮ್ಮ ಮನೆಗಳ ‘ಟಿಂಚರ್’ ಬಂತು. ಟಿಂಚರ್ ಅಯೋಡಿನ್‌ಗೆ ಅರಬ್ಬಿಯಲ್ಲಿ ‘ಸಿಬ್ಘತ್ ಅಲ್-ಯೂದ್’. ಒಂದು ಭಾಷೆ ಇನ್ನೊಂದರಿಂದ ಕದ್ದದ್ದಲ್ಲ ಇದು. ಬಣ್ಣದ ಹಂಡೆಯ ಪಕ್ಕ ನಿಂತವರಿಗೆಲ್ಲ ಒಂದೇ ಅನುಭವ ಆಗಿತ್ತು, ಅದ್ದದೆ ಬಣ್ಣ ಇಲ್ಲ ಅಂತ.

ಆಕೆ: ಮತ್ತೆ ನಮ್ಮ ಸಫ್ರನಿನ್ ಹೆಸರಲ್ಲಿ ಕೇಸರಿ ಇದೆಯಲ್ಲ?

ಮೇಷ್ಟ್ರು: ಅರಬ್ಬಿಯ ‘ಜಅಫರಾನ್’ ಫ್ರೆಂಚಿನಲ್ಲಿ ‘ಸಫ್ರಾನ್’ ಆಗಿ ನಿನ್ನ ಬಾಟಲಿಗೆ ಬಂತು. ಇನ್ನೊಂದು ನಮ್ಮ ಕಡೆಯಿಂದ ಹೋದದ್ದು. ‘ನೀಲ’ ಪಾರಸಿಯಲ್ಲಿ ‘ನೀಲ್’ ಆಯಿತು, ಅರಬ್ಬಿಯ ‘ಅಲ್’ ಸೇರಿ ‘ಅನ್-ನೀಲ್’ ಆಯಿತು, ಪೋರ್ಚುಗೀಸರ ಬಾಯಲ್ಲಿ ‘ಅನಿಲ್’. ನೀಲಿಯನ್ನ ಒಡೆದಾಗ ಸಿಕ್ಕ ರಾಸಾಯನಿಕಕ್ಕೆ 1840ರ ಸುಮಾರಿಗೆ ಫ್ರಿಟ್ಜ್‌ಶೆ ಅನ್ನೋ ವಿಜ್ಞಾನಿ ‘ಅನಿಲಿನ್’ ಅಂತ ಹೆಸರಿಟ್ಟ. 1856ರಲ್ಲಿ ಲಂಡನ್ನಿನ ಪರ್ಕಿನ್ ಅನ್ನೋ ಹುಡುಗ ಅದರಿಂದ ನೇರಳೆ ಬಣ್ಣ ತೆಗೆದ. ಆಮೇಲೆ ಹೊರಟ ಕೃತಕ ಬಣ್ಣಗಳ ಸಂತತಿಯದೇ ನಿನ್ನ ಕ್ರಿಸ್ಟಲ್ ವಯಲೆಟ್. ಬಟ್ಟೆಗೆ ಅಂತ ಮಾಡಿದ ಬಣ್ಣ ರೋಗಾಣುವಿಗೂ ಹಿಡಿಯುತ್ತೆ ಅಂತ ಕಂಡುಕೊಂಡದ್ದು ಜರ್ಮನಿಯ ವೈದ್ಯರು.

ಆಕೆ: ಒಂದು ಸಂಶಯ. ಬೆರಳಿಗೆ ಅರಬ್ಬಿಯಲ್ಲಿ ‘ಇಸ್ಬ’. ಅದರ ಧಾತುವೂ ಸ-ಬ ಅಂತಲೇ ಶುರುವಾಗುತ್ತೆ. ಬೆರಳನ್ನ ಅದ್ದೋದರಿಂದ ಆ ಹೆಸರು ಬಂತಾ?

ಮೇಷ್ಟ್ರು: ಇಲ್ಲಿ ಹುಷಾರಾಗಿರಬೇಕು. ಬೆರಳಿನ ಧಾತು ಸ-ಬ-ಅ, ಕೊನೆಗೆ ‘ಐನ್’. ನಮ್ಮದು ಸ-ಬ-ಘ, ಕೊನೆಗೆ ‘ಘೈನ್’. ಹೀಬ್ರೂ, ಅರಾಮಿಕ್‌ನಲ್ಲಿ ಎರಡೂ ಅಕ್ಷರ ಬೆರೆತು ಬೆರಳೂ ಬಣ್ಣವೂ ಒಂದೇ ಧಾತುವಿನ ಹಾಗೆ ಕಾಣ್ತವೆ. ಅಷ್ಟು ಮಾತ್ರ ನೋಡಿದವನು ಸೊಗಸಾದ ಕತೆ ಕಟ್ಟಿಯಾನು. ಅರಬ್ಬಿ ಎರಡನ್ನೂ ಬೇರೆ ಇಟ್ಟಿರೋದರಿಂದ ಆ ಕತೆ ಬಿದ್ದುಹೋಗುತ್ತೆ. ಬೆರಳಿಗೂ ಬಣ್ಣಕ್ಕೂ ಸಂಬಂಧ ಇರೋದು ನಮ್ಮ ಮೈಸೂರಿನ ಪೇಂಟ್ಸ್ ಕಾರ್ಖಾನೆ 1962ರಿಂದ ಚುನಾವಣೆಗೆ ಕಳಿಸೋ ಶಾಯಿಯಲ್ಲಿ, ಧಾತುವಿನಲ್ಲಿ ಅಲ್ಲ. ಕನ್ನಡದಲ್ಲೇ ನೋಡು. ಬಟ್ಟೆಯ ಮೇಲಿನ ‘ಕಲೆ’ ನಮ್ಮ ದ್ರಾವಿಡದ ಮಾತು, ಚಿತ್ರಕಲೆಯ ‘ಕಲೆ’ ಸಂಸ್ಕೃತದ ಕಲಾ. ಚಿತ್ರ ಬರೆಯೋವಾಗ ಬಟ್ಟೆಗೆ ಬಣ್ಣ ಮೆತ್ತಿಕೊಂಡದ್ದರಿಂದ ಈ ಹೆಸರು ಬಂತು ಅಂತ ಯಾರಾದರೂ ಹೇಳಿದರೆ ಒಪ್ಪುತ್ತೀಯಾ?

ಆಕೆ: ನಕ್ಕುಬಿಡ್ತೀನಿ.

ಮೇಷ್ಟ್ರು: ಹಾಗೇ ‘ಸೀನ್’ನಿಂದ ಶುರುವಾಗೋ ಇನ್ನೊಂದು ಸ-ಬ-ಘ ಇದೆ. ಅದಕ್ಕೆ ಧಾರಾಳ, ಪೂರ್ತಿ ಅನ್ನೋ ಅರ್ಥ. ನಮಾಜಿಗೆ ಮುಂಚೆ ವುಜೂ ಮಾಡೋವಾಗ ಎಲ್ಲೂ ಒಣಗಿದ ಜಾಗ ಬಿಡದೆ ಪೂರ್ತಿ ತೊಳೆಯೋದಕ್ಕೆ ‘ಇಸ್ಬಾಘ್’ ಅಂತಾರೆ. ನೀರು ಇದೆ, ಮೈ ಇದೆ, ಆದರೂ ಅದ್ದೋ ಧಾತು ಅಲ್ಲ. ಕನ್ನಡ ಲಿಪಿಯಲ್ಲಿ ಎರಡಕ್ಕೂ ‘ಸ’ ಒಂದೇ. ನಿನ್ನ ಪಟ್ಟಿಯಲ್ಲಿ ಸಾದ್ ಯಾವುದು, ಸೀನ್ ಯಾವುದು ಅಂತ ಗುರುತು ಹಾಕಲೇಬೇಕು.

ಆಕೆ: ಧಾತುವನ್ನ ಇಷ್ಟೊಂದು ಹೊಗಳಿ ಈಗ ನಂಬಬೇಡ ಅಂತೀರಲ್ಲ?

ಮೇಷ್ಟ್ರು: ನಂಬು, ಆದರೆ ಬಳಕೆಯನ್ನ ಕೇಳಿಕೊಂಡು ನಂಬು. ಹಣೆಯ ಜುಟ್ಟೋ ಬಾಲದ ತುದಿಯೋ ಬಿಳಿಯಾಗಿರೋ ಕುದುರೆಗೆ ‘ಅಸ್ಬಘ್’ ಅಂತಾರೆ. ಅದನ್ನ ಯಾರೂ ಸುಣ್ಣದಲ್ಲಿ ಅದ್ದಲಿಲ್ಲ, ಅದ್ದಿ ತೆಗೆದ ಹಾಗೆ ಕಾಣುತ್ತೆ ಅಷ್ಟೇ. ಇವತ್ತಿನ ಅರಬ್ಬಿ ಪತ್ರಿಕೆ ತೆಗೆದರೆ ರಾಜಕೀಯ ಸಿಬ್ಘಾ ಇರೋ ಸಭೆ, ಅಧಿಕೃತ ಸಿಬ್ಘಾ ಇರೋ ಭೇಟಿ ಅಂತ ಬರೆದಿರ್ತಾರೆ. ಅಲ್ಲಿ ನೀರೂ ಇಲ್ಲ, ಬಣ್ಣವೂ ಇಲ್ಲ, ಅದು ಸ್ವರೂಪ, ಲಕ್ಷಣ ಅನ್ನೋ ಅರ್ಥ. ಅದ್ದೋದರಿಂದ ಬಣ್ಣ, ಬಣ್ಣದಿಂದ ಲಕ್ಷಣ. ಅರ್ಥ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಂದಿದೆ. ಇಬ್ನ್ ಫಾರಿಸ್ ನಡುವಿನ ಮೆಟ್ಟಿಲಲ್ಲಿ ನಿಂತು ಇದೇ ನೆಲ ಅಂದುಕೊಂಡ ಅಂತ ನನ್ನ ಅಭಿಪ್ರಾಯ.

ಆಕೆ: ಹಾಗಾದರೆ ಪಟ್ಟಿಗೆ ಬರೆದುಕೊಳ್ತೀನಿ, ಹೇಳಿ.

ಮೇಷ್ಟ್ರು: ಸ-ಬ-ಘ, ಮೊದಲಕ್ಷರ ಸಾದ್. ಒಂದು, ಅದ್ದು, ನೆನೆಸು. ಎರಡು, ಬಣ್ಣ ಹಾಕು, ಬಟ್ಟೆಗೆ, ಕೂದಲಿಗೆ, ಸ್ಲೈಡಿಗೆ. ಮೂರು, ನಂಜಿಕೊಂಡು ತಿನ್ನು, ಹಳೆಯ ಬಳಕೆ. ನಾಲ್ಕು, ದೀಕ್ಷಾಸ್ನಾನ ಮಾಡಿಸು. ಸಿಬ್ಘಾ ಅಂದರೆ ಬಣ್ಣ, ಟಿಂಚರ್, ಲ್ಯಾಬಿನ ಸ್ಟೇನ್, ಪತ್ರಿಕೆಯಲ್ಲಿ ಬಂದರೆ ಸ್ವರೂಪ. ಸಬ್ಬಾಘ್ ಬಣ್ಣಗಾರ, ಮಸ್ಬಘಾ ಬಣ್ಣದ ಮನೆ ಅಥವಾ ಲಾಂಡ್ರಿ, ಸಿಬ್ಘಿಯ್ಯಾತ್ ಕ್ರೋಮೋಸೋಮ್‌ಗಳು. ಕೊನೆಗೆ ಒಂದು ಸಾಲು ಸೇರಿಸು: ಕಲೆ, ಕೊಳೆ ಅನ್ನೋ ಅರ್ಥಕ್ಕೆ ಲ-ತ-ಖ ನೋಡಿ. ನಿನ್ನ ಪಟ್ಟಿ ಹಿಡಿದು ಹೋಗೋ ಹುಡುಗಿಯರು ಅಂಗಿಯ ಮೇಲೆ ಕಲೆಯಾಗಿದೆ ಅಂತ ಹೇಳೋವಾಗ ಸಿಬ್ಘಾ ಅನ್ನದಿದ್ದರೆ ಈ ಪಟ್ಟಿ ಮಾಡಿದ್ದು ಸಾರ್ಥಕ.